ಸೋಸಿ ತಂದ ಕುಂಟೆಯ ನೀರು

ಸೆಪ್ಟೆಂಬರ್ ಕೊನೆಯ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಕಲ್ಯಾಣದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಕುಂದುರ್ಪಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಕುರಿ ಸಾಕುವ ಹೆಂಗಸು. ಆಕೆಯ ಅಕ್ಕ ನಮ್ಮ ಬೀದಿಯಲ್ಲೇ ಇರುವುದರಿಂದ ಪರಿಚಯ. ಹತ್ತು ಗಂಟೆಗೆ ನಾನು ಹಿಂದೂಪುರದ ಬಸ್ಸು ಹಿಡಿದು ಕಣ್ಣಿನ ಡಾಕ್ಟರ ಬಳಿಗೆ ಹೋಗಬೇಕಿತ್ತು. ಎರಡು ಸಲ ಮುಂದೂಡಿದ ಸರದಿ ಅದು.

ಆಕೆ ಒಂದು ಬಾಟಲಿ ನೀರನ್ನು ಮೇಜಿನ ಮೇಲಿಟ್ಟಳು. ಅವರ ಹೊಲದ ಕುಂಟೆಯಲ್ಲಿ, ಮಳೆನೀರು ನಿಲ್ಲುವ ಆ ಹೊಂಡದಲ್ಲಿ, ವಾರದಿಂದ ನೀರು ಹಸಿರಾಗಿತ್ತು. ಹಿಂದಿನ ದಿನ ಅದನ್ನು ಕುಡಿದ ಎರಡು ಕುರಿ ದಡದಲ್ಲೇ ತೂರಾಡಿ ಬಿದ್ದು ಸತ್ತಿದ್ದವು. ಉಳಿದವನ್ನು ದೊಡ್ಡಿಯಲ್ಲಿ ಕೂಡಿಹಾಕಿ ಬಂದಿದ್ದಳು.

"ಕುಡಿಸ್ಬೋದಾ ಬ್ಯಾಡ್ವಾ, ಒಂದ್ ಮಾತು ಹೇಳ್ಬುಡಿ ಸಾರ್. ನೆನ್ನೆ ಸಾಯಂಕಾಲದಿಂದ ನೀರಿಲ್ದೆ ಅರಚ್ಕೊಂತವೆ."

ನಾನು ಹಿಂದೂಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಹಳೆಯ ಸೂಕ್ಷ್ಮದರ್ಶಕವೊಂದು ಮನೆಯಲ್ಲಿದೆ. ಈಚೆಗೆ ಅದರ ಮುಸುಕು ತೆಗೆಯುವುದೇ ಒಂದು ಕೆಲಸವೆನಿಸುತ್ತದೆ. ಎಡಗಣ್ಣು ಮಂಜು, ಬಲಗಣ್ಣಿನಲ್ಲೇ ನೋಡಿದೆ. ಹನಿಯೊಳಗೆ ನಾಲ್ಕಾರು ಯೂಗ್ಲಿನಾ, ಚಾಟಿಯಂಥ ಎಳೆ ಬೀಸುತ್ತ, ಮೈ ಹಿಗ್ಗಿಸಿ ಕುಗ್ಗಿಸಿ ಈಜುತ್ತಿದ್ದವು. ಬಿಸಿಲಿದ್ದರೆ ಗಿಡದಂತೆ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವ, ಕತ್ತಲಾದರೆ ನೀರಿನಲ್ಲಿ ಸಿಕ್ಕಿದ್ದನ್ನು ಹೀರಿ ಬದುಕುವ ಜೀವಿ. ಸಸ್ಯಶಾಸ್ತ್ರದವರೂ ಪ್ರಾಣಿಶಾಸ್ತ್ರದವರೂ ಅದನ್ನು ನಮ್ಮದು ಎನ್ನುತ್ತಿದ್ದ ಕಾಲದಲ್ಲಿ ಎರಡೂ ತರಗತಿಗಳ ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಬರೆದು ದಣಿದಿದ್ದೇನೆ. ಪಕ್ಕದಲ್ಲಿ ಚಪ್ಪಲಿಯಾಕಾರದ ಒಂದು ಪ್ಯಾರಮೀಸಿಯಂ, ಗಾಜಿನಂಥ ಚಿಪ್ಪಿನ ಎರಡು ಡಯಾಟಮ್. ಹೆದರುವಂಥದ್ದು ಏನೂ ಇರಲಿಲ್ಲ. ಗಡಿಯಾರ ನೋಡಿದೆ, ಒಂಬತ್ತೂ ಇಪ್ಪತ್ತು.

"ಇದ್ರಾಗೆ ವಿಷ ಇಲ್ಲ ಕಣಮ್ಮ. ಕುಡಿಸು ಹೋಗು."

ಆಕೆ ಎದ್ದು ಸೆರಗು ಸರಿಮಾಡಿಕೊಂಡಳು. "ಬದುಕ್ಕಂಡೆ ಸಾರ್. ನಿಮ್ಮನೆಗೆ ತರೋದು ಅಂತ ಸೀರೆ ತುಂಡು ಎರಡ್ ಮಡಿಕೆ ಮಾಡಿ ಸೋಸ್ಕೊಂಡ್ ಬಂದಿವ್ನಿ. ಮೇಷ್ಟ್ರ ಮೇಜಿನ್ ಮ್ಯಾಲೆ ಗಲೀಜು ಮಡಗಕ್ಕಾಯ್ತದಾ?"

ನಮ್ಮ ಕಡೆ ದೊಡ್ಡವರ ಮನೆಗೆ ನೀರು ತಂದರೆ ಸೋಸಿಯೇ ತರುತ್ತಾರೆ, ಅದು ಮರ್ಯಾದೆ. ಬಾಟಲಿಗೆ ಬಂದದ್ದು ಬಟ್ಟೆಯಲ್ಲಿ ನುಸುಳಿದ್ದಷ್ಟೇ. ಹೇಗೆ ತಂದಿರಿ ಎಂದು ಕೇಳದೆ ವಿದ್ಯಾರ್ಥಿಗಳ ಮಾದರಿಯನ್ನು ನಾನು ಒಂದು ದಿನವೂ ಮುಟ್ಟಿದವನಲ್ಲ. ಅಂದು ಕೇಳಲಿಲ್ಲ. ಬಸ್ಸಿನ ಆತುರ, ಅದಕ್ಕಿಂತ ಹೆಚ್ಚಾಗಿ ಆಯಾಸ.

"ಬಟ್ಟೆ ಎಲ್ಲಿ?"

"ಚೀಲ್ದಾಗೈತೆ. ಹಸ್ರು ಕೆನೆ ಹಂಗೆ ಮೆತ್ಕೊಂಡೈತೆ. ಅಕ್ಕನ ಮನ್ಯಾಗೆ ಒಗ್ಕೊಂತೀನಿ."

"ಒಗೀಬ್ಯಾಡ. ಕೊಡಿಲ್ಲಿ."

"ನನ್ ಸೀರೆ ಒಂದಿನ ಒಣಗಾಕಿದ್ದಿಲ್ಲ, ಈಗ ಕಂಡೋರ ಸೀರೆ ಬೇಕಾಗೈತೆ ನೋಡು," ಎಂದಳು ನನ್ನ ಹೆಂಡತಿ.

ಬಟ್ಟೆಯನ್ನು ಗಾಜಿನ ಮೇಲೆ ಹಿಂಡಿ ನೋಡಿದೆ. ಬಾಲವಿಲ್ಲ, ಚಲನೆಯಿಲ್ಲ. ಲೋಳೆಯಲ್ಲಿ ಅಂಟಿಕೊಂಡ ಸಣ್ಣ ಚುಕ್ಕೆಗಳ ಮುದ್ದೆಗಳು, ತೂತುತೂತಾದ ಮೋಡದಂತೆ. ನೀಲಿ-ಹಸಿರು ಪಾಚಿ. ಪಾಚಿ ಎನ್ನುವುದು ರೂಢಿ ಮಾತ್ರ. ಜೀವಕೋಶದೊಳಗೆ ಕೋಶಕೇಂದ್ರವಿಲ್ಲದ ಇದು ಬ್ಯಾಕ್ಟೀರಿಯಾದ ಬಳಗ. ಇವುಗಳಲ್ಲಿ ಕೆಲವು ವಿಷ ಕಟ್ಟುತ್ತವೆ, ಕೆಲವು ಇಲ್ಲ. ಕಣ್ಣಿನಲ್ಲಿ ನೋಡಿ ಹೇಳಲಾಗದು. ಆದರೆ ಎರಡು ಕುರಿ ಸತ್ತಿದ್ದವು.

"ನಾನು ಹೇಳಿದ್ದು ತಪ್ಪು ಕಣಮ್ಮ. ಒಂದು ಗುಟುಕೂ ಕುಡಿಸ್ಬ್ಯಾಡ."

"ಅಯ್ಯೋ ಸಾರ್, ಈಗಿನ್ನ ಕುಡಿಸು ಅಂದ್ರಿ! ನಮ್ ಯಜಮಾನ್ರು ಮೈಲುತುತ್ತು ಸುರುದ್ಬುಡ್ತೀನಿ ಅಂತ ಕುಂತವ್ರೆ. ಸುರುದ್ರೆ ಸತ್ತೋಗಲ್ವಾ ಆ ಹಸ್ರು?"

"ಸಾಯ್ತದೆ. ಸಾಯೋವಾಗ ಒಳಗಿರೋ ವಿಷ ಎಲ್ಲಾ ನೀರಿಗೆ ಬಿಡ್ತದೆ. ಬ್ಯಾಡ ಅಂತ ಈಗ್ಲೇ ಫೋನ್ ಮಾಡು. ಹತ್ರದಾಗೆ ಬೋರು ಯಾರ್ದೈತೆ?"

"ಮೈದುನಂದು. ನಮ್ಗೂ ಅವ್ರಿಗೂ ಮಾತಿಲ್ಲ."

"ಮಾತಿಲ್ದಿರೋದು ನಿನ್ಗೆ. ಕುರಿಗಳೇನು ಜಗಳ ಆಡಿದ್ವಾ?" ಎಂದಳು ನನ್ನ ಹೆಂಡತಿ.

ಆಕೆ ಮೊದಲು ಗಂಡನಿಗೆ ಫೋನ್ ಮಾಡಿದಳು, ಆಮೇಲೆ ವಾರಗಿತ್ತಿಗೆ. ಐದು ನಿಮಿಷ ಹಳೆಯ ಜಗಳವನ್ನೇ ಆಡಿ, ಕೊನೆಗೆ ನೀರು ಕೇಳಿದಳು. ಅಷ್ಟರಲ್ಲಿ ಹತ್ತು ದಾಟಿತ್ತು.

ಆಕೆ ಊರಿಗೆ ಹೊರಟಳು. ನಾನು ಬಟ್ಟೆಯಲ್ಲಿ ಉಳಿದದ್ದನ್ನು ಸೀಸೆಗೆ ಹಿಂಡಿಕೊಂಡು ಪಶು ಆಸ್ಪತ್ರೆಗೆ ಹೋದೆ. "ಡಾಕ್ಟರ್‌ಗಾರು ಲೇರು ಸಾರ್, ರೇಪು ರಂಡಿ," ಎಂದು ಅಲ್ಲಿನ ನೌಕರ ತೆಲುಗಿನಲ್ಲಿ, ಡಾಕ್ಟರಿಲ್ಲ, ನಾಳೆ ಬನ್ನಿ ಎಂದ. ನಾಳೆ ಬರುವಷ್ಟು ಶಕ್ತಿ ನನ್ನಲ್ಲಿರಲಿಲ್ಲ, ಬೆಂಚಿನ ಮೇಲೆ ಕೂತೆ. ಊಟದ ಹೊತ್ತು ಮೀರಿ ಬಂದ ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಬೈಕು ಹತ್ತಿ ಕುಂದುರ್ಪಿ ಕಡೆ ಹೋದರು.

ಸಂಜೆ ಆಕೆಯ ಫೋನ್ ಬಂತು.

"ಬೋರ್ ನೀರು ಕುಡುದ್ವು ಸಾರ್. ನೆನ್ನೆ ಕುಂಟೇಲಿ ಬಾಯಿ ಹಾಕಿದ್ದು ಒಂದು ಮಾತ್ರ ಮಂಕಾಗಿ ಕುಂತೈತೆ, ಡಾಕ್ಟ್ರು ಸೂಜಿ ಆಕವ್ರೆ, ನಾಳೆ ಹೊತ್ತಾರೆಗೆ ಗೊತ್ತಾಯ್ತದೆ ಅಂದ್ರು."

ನನ್ನ ಮಾತು ಕೇಳಿ ಕುಡಿಸಿದ್ದರೆ ಎಷ್ಟು ಮಂಕಾಗುತ್ತಿದ್ದವೋ. ಕುಂಟೆಯ ಸುತ್ತ ಮುಳ್ಳು ಹಾಕಿಸು, ಹಾಕಿ ಮುಗಿದ ಮೇಲೆ ತಿಳಿಸು ಎಂದೆ. ಆರೂವರೆಗೆ ಮತ್ತೆ ಫೋನ್ ಮಾಡಿದಳು. ಗಂಡನೂ ಮೈದುನನೂ ಸೇರಿ ಜಾಲಿ ಮುಳ್ಳು ಕಡಿದು ಸುತ್ತಲೂ ಹಾಕಿ ಮುಗಿಸಿದ್ದರು.