ಹಲಸಿನ ಬಟ್ಟಲು, ಬೂರುಗದ ಹತ್ತಿ

ಹೋದ ತಿಂಗಳು ನಮ್ಮ ಅತ್ತೆ ನನ್ನ ಹೆಡ್‌ಫೋನಿನೊಳಗಿಂದ ತಮ್ಮ ದಿಂಬನ್ನು ಹೊರಗೆಳೆದರು.

ಪೂರ್ತಿ ದಿಂಬನ್ನಲ್ಲ, ಒಂದು ಹಿಡಿ ಹತ್ತಿಯನ್ನು. ಹೆಡ್‌ಫೋನಿನ ಒಂದು ಕಡೆ ಸದ್ದು ಕಡಿಮೆಯಾಗಿದೆ ಎಂದು ನಾನು ಸ್ಕ್ರೂ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ. ಅವರು ಸೊಪ್ಪು ಬಿಡಿಸುತ್ತಾ ಪಕ್ಕದಲ್ಲೇ ಕೂತಿದ್ದರು. ಹತ್ತಿಯನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಉಫ್ ಎಂದು ಊದಿ ನೋಡಿದರು.

"ಇದು ನನ್ ದಿಂಬಿಂದು ಕಣವ್ವ. ಬೂರುಗದ ಹತ್ತಿ."

"ಇಲ್ಲ ಅತ್ತೆ, ಇದನ್ನ ಕಡೆದುಕೊಟ್ಟ ಆಚಾರ್ರು ತುಂಬಿರೋದು."

"ಆಚಾರ್ರು ನಮ್ಮನೆ ದಿಂಬ ಯಾಕವ್ವ ಕುಯ್ತಾರೆ? ಅವತ್ತು ಕತ್ರಿ ತಕಂಡು ಮೂಲೆ ಕುಯ್ದೋಳು ಯಾರು? ನೋಡ್ಕಂಡು ಸುಮ್ಕಿದ್ದೆ. ಓದಿರೋಳು, ಏನೋ ಇರ್ತದೆ ಅಂತ."

ನನಗೆ ಏನೂ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. (ನಿಜಕ್ಕೂ ನೆನಪಾಯಿತೋ, ಅತ್ತೆ ಹೇಳಿದ ಮೇಲೆ ತಲೆ ತಾನೇ ಒಂದು ಕತ್ತರಿಯ ಚಿತ್ರ ಬರೆದುಕೊಂಡಿತೋ, ಈಗಲೂ ಹೇಳಲಾರೆ.) ಕೋಣೆಗೆ ಹೋಗಿ ದಿಂಬು ನೋಡಿದೆ. ಮೂಲೆಯಲ್ಲಿ ಹಳೆಯ ಹೊಲಿಗೆ ಬಿಚ್ಚಿತ್ತು. ನನ್ನದೇ ಕೈಯ ಒಡ್ಡೊಡ್ಡ ಹೊಲಿಗೆ ಅದರ ಮೇಲಿತ್ತು.

ಒಂದು ಹಿಡಿ ಹತ್ತಿಗೆ ಇಷ್ಟು ಗಾಬರಿಯೇ ಅನ್ನುತ್ತೀರಾ? ಆ ಹತ್ತಿಯ ದೆಸೆಯಿಂದ ನಾನು ಇದೇ ಜಾಗದಲ್ಲಿ, ಇದೇ ಅಂಕಣದಲ್ಲಿ, ಒಬ್ಬ ಮನುಷ್ಯನನ್ನು ಸುಳ್ಳುಗಾರ ಅಂದಿದ್ದೆ.

ಹಳೆಯ ಓದುಗರಿಗೆ ನೆನಪಿರಬಹುದು. ಹೆಡ್‌ಫೋನ್ ನನ್ನ ಹುಚ್ಚು. ಕಿವಿಯ ಮೇಲೆ ಕೂರುವ ಆ ಎರಡು ಗುಂಡನೆಯ ಚಿಪ್ಪುಗಳಿವೆಯಲ್ಲ, ನಾನು ಅವನ್ನು ಬಟ್ಟಲು ಅನ್ನುತ್ತೇನೆ. ಪ್ಲಾಸ್ಟಿಕ್ ಬಟ್ಟಲು ಕಿತ್ತು ಮರದ್ದು ಹಾಕಿದರೆ ಹಾಡು ಬೇರೆಯೇ ಕೇಳಿಸುತ್ತದೆ, ಒಂದೊಂದು ಮರಕ್ಕೆ ಒಂದೊಂದು ದನಿ ಎಂದು ಇಂಟರ್ನೆಟ್ಟಿನಲ್ಲಿ ಹಗಲೂ ಇರುಳೂ ಜಗಳ. ನಾನು ಕೂತಿರುವುದು ಹುಣಸೂರಿನಲ್ಲಿ. ಇಲ್ಲಿ ಮರಕ್ಕೇನು ಬರ? ಪರೀಕ್ಷೆ ಮಾಡಿಯೇ ಬಿಡೋಣ ಅಂದುಕೊಂಡೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು ಬೇರೆ.

ನಮ್ಮ ಬೀದಿಯ ಕೊನೆಯಲ್ಲಿ ಆಚಾರ್ರ ಶೆಡ್ಡು ಇದೆ. (ಹೆಸರು ಬರೆಯಬೇಡಿ ಅಂದಿದ್ದಾರೆ. ಈ ಸಲ ಕೇಳಿಯೇ ಬರೆಯುತ್ತಿದ್ದೇನೆ.) ಅರವತ್ತು ದಾಟಿದ ಮನುಷ್ಯ. ಲೇತಿನ ಮೇಲೆ ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲ ಗುಬುಟು ಕಡೆಯುತ್ತಾರೆ. ಸುತ್ತಲಿನ ಭಜನೆ ಮನೆಗಳಿಗೆ ಮೃದಂಗದ ಮರವನ್ನೂ ಕಡೆದು ಕೊಡುತ್ತಾರೆ. ಅದು ಅವರ ಹೆಮ್ಮೆಯ ಕೆಲಸ.

ಮೂರು ಜೊತೆ ಬಟ್ಟಲು ಮಾಡಿಸಿದೆ. ತೇಗ ನಮ್ಮನೆಯ ಹಳೆಯ ಕಿಟಕಿಯದು. ಬೀಟೆ ಮುರಿದ ಮಂಚದ ಕಾಲಿನದು. ಹಲಸು ಅವರದೇ. ಹನಗೋಡಿನ ಕಡೆಯಿಂದ ತಂದು, ನೆರಳಲ್ಲಿ ವರ್ಷಗಟ್ಟಲೆ ಒಣಗಿಸಿ, ಮೃದಂಗಕ್ಕೆಂದು ಇಟ್ಟಿದ್ದರಲ್ಲಿ ಒಂದು ತುಂಡನ್ನು ನನಗಾಗಿ ಕೊಯ್ದರು.

ಮೂರಕ್ಕೂ ಒಳಗೂ ಹೊರಗೂ ಕಪ್ಪು ಪಾಲಿಶ್ ಹಾಕಿ ಅಂದೆ. ಕಣ್ಣಿಗೆ ಗೊತ್ತಾಗಬಾರದು, ಕಿವಿಯೇ ಹೇಳಬೇಕು. (ಎಂಥ ವೈಜ್ಞಾನಿಕ ಮನೋಭಾವ!)

"ಬಂಗಾರದಂಗೈತೆ ಈ ಹಲ್ಸು. ಕಪ್ ಬಳಿಯಾಕೆ ಕೈ ಬರಕ್ಕಿಲ್ಲ ಮೇಡಮ್ನೋರೆ" ಅಂದರು. ಆದರೂ ಬಳಿದರು. ಒಳಗಡೆ ಬಿಳಿ ಬಣ್ಣದಲ್ಲಿ ತೇ, ಬೀ, ಹ ಎಂದು ಬರೆದುಕೊಟ್ಟರು.

ಹಾಕಿ ಕೇಳಿದೆ. ತೇಗ ಅಚ್ಚುಕಟ್ಟು. ಬೀಟೆಯಲ್ಲಿ ತಬಲಾದ ಬಾಯಾ ಎದೆಗೇ ಬಂದು ತಾಕಿತು. ಹಲಸು ಮಾತ್ರ ಮಂಕು. ಹಾಡುವವರು ಕಂಬಳಿ ಹೊದ್ದು ಕೂತಂತೆ. ಹಲಸೆಂದರೆ ವೀಣೆಯ ಮರ, ಮೃದಂಗದ ಮರ. ಹಾಡಲೇಬೇಕಾದ ಮರ. ಹಾಡುತ್ತಿಲ್ಲ. ಹಾಗಾದರೆ ಇದು ಹಲಸಲ್ಲ!

ಆಚಾರ್ರನ್ನು ಕೇಳಿದೆ. ಕೇಳಿದೆನೋ, ಆರೋಪ ಮಾಡಿದೆನೋ?

"ಮರ ಕೂಗಲ್ಲ ಮೇಡಮ್ನೋರೆ, ಟೊಳ್ಳು ಕೂಗ್ತದೆ" ಅಂದರು. "ಒಳೀಕೇನಾರ ಮಾಡಿದ್ದೀರಾ?"

"ಏನೂ ಮಾಡಿಲ್ಲ" ಅಂದೆ. ಅಷ್ಟು ಧೈರ್ಯವಾಗಿ.

"ನಾನ್ ಹಲ್ಸು ಅಂದ್ರೆ ಹಲ್ಸೆಯಾ" ಅಂದು ಲೇತಿನ ಕಡೆ ತಿರುಗಿದರು. ಬೆನ್ನು ತಿರುಗಿಸಿದ್ದನ್ನು ನಾನು ಕಳ್ಳತನದ ಗುರುತು ಅಂದುಕೊಂಡೆ. ಆ ವಾರವೇ ಬರೆದೆ. ಕಿವಿಗೆ ಮೋಸ ಮಾಡಲಾಗದು ಎಂದು ತಲೆಬರಹ. 'ಕಪ್ಪು ಬಳಿದರೆ ಮಾವೂ ಹಲಸಾದೀತು, ಕಿವಿಯ ಮುಂದೆ ಮಾತ್ರ ಆಗದು' ಎಂಬ ಸಾಲಂತೂ ನನಗೇ ಬಹಳ ಮೆಚ್ಚಿಗೆಯಾಗಿತ್ತು. ನಿಮಗೂ ಮೆಚ್ಚಿಗೆಯಾಯಿತು. ಫಾರ್ವರ್ಡ್ ಮಾಡಿದಿರಿ.

ಹೆಸರು ಬರೆದಿರಲಿಲ್ಲ. ಅದನ್ನೊಂದು ದೊಡ್ಡತನ ಅಂದುಕೊಂಡಿದ್ದೆ. ನಮ್ಮೂರಲ್ಲಿ ಮೃದಂಗಕ್ಕೂ ಕಡೆದು, ಹೆಡ್‌ಫೋನಿಗೂ ಕಡೆದುಕೊಡುವವರು ಎಷ್ಟು ಜನ ಇರುತ್ತಾರೆ?

ಈಗ ಮತ್ತೆ ಊಟದ ಮೇಜಿಗೆ ಬರೋಣ. ಬಿಚ್ಚಿದ್ದು ಹಲಸಿನ ಬಟ್ಟಲು. ಹತ್ತಿ ತೆಗೆದು ಮತ್ತೆ ಹಾಕಿ ಕೇಳಿದೆ. ಕಂಬಳಿ ಹೋಗಿತ್ತು. ಬಾಸ್ ಚೆನ್ನಾಗಿ ಬರಲಿ ಎಂದು ಯಾವುದೋ ಸಂಜೆ ಹಲಸಿಗೆ ಮಾತ್ರ ಹತ್ತಿ ತುರುಕಿ, ಮರೆತು, ಪರೀಕ್ಷೆ ಮಾಡಿದ್ದೆ! ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ವರ್ಷವಿಡೀ ಮಕ್ಕಳ ತಲೆ ತಿನ್ನುವವಳು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಅತ್ತೆಯ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. (ಮಿಕ್ಸಿ ರಿಪೇರಿ ಅವರೇ ಮಾಡಿಕೊಳ್ಳುವುದು. ಸ್ಕ್ರೂ ಅವರಿಗೆ ಲೆಕ್ಕವಿಲ್ಲ.) ಅವರು ಬಟ್ಟಲು ಬದಲಿಸುತ್ತಾ ಹೋದರು. ನಾನು ಮರದ ಹೆಸರು ಹೇಳುತ್ತಾ ಹೋದೆ.

"ತೇಗ."

"ಅಲ್ಲ."

"ಬೀಟೆ. ಇದು ಗ್ಯಾರಂಟಿ."

"ಹ ಅಂತ ಬರ್ದದೆ. ಹ ಅಂದ್ರೆ ಬೀಟೆಯೇನವ್ವ?"

ಬೀಟೆಯನ್ನೇನೋ ಎರಡು ಸಲ ಸರಿಯಾಗಿ ಹೇಳಿದೆ. ಆದರೆ ಅದು ತೂಕದ ಮೇಲೆ. ಕಿವಿಯಲ್ಲ, ಕತ್ತು ಹೇಳಿತು.

ಮರಕ್ಕೂ ಮರಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲವೇ? ಇರಬಹುದು, ಒಂದು ಎಳೆಯಷ್ಟು. ಬಟ್ಟಲು ಎಷ್ಟು ಆಳ, ಒಳಗೇನು ತುಂಬಿದ್ದೀರಿ, ಕಿವಿಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದರ ಮುಂದೆ ಆ ಎಳೆ ಕಾಣುವುದೇ ಇಲ್ಲ. ಅದಿರಲಿ, ಕೇಳಿದ ಸದ್ದಿನ ನೆನಪು ಎಷ್ಟು ಹೊತ್ತು ಉಳಿಯುತ್ತದೆ? ನಾಲ್ಕು ಸ್ಕ್ರೂ ಬಿಚ್ಚಿ ಹಾಕುವಷ್ಟು ಹೊತ್ತೂ ಉಳಿಯುವುದಿಲ್ಲ. ಮೊದಲು ಕೇಳಿದ್ದನ್ನು ನಾವು ನೆನೆಯುವುದಿಲ್ಲ, ಆಗಲೇ ಕಟ್ಟಿಕೊಳ್ಳುತ್ತೇವೆ. ನಾನು ಬೀಟೆಯನ್ನು ಹಾಡಿಸಿದ್ದು ಹಾಗೆ. ಹಲಸನ್ನು ಮಾವು ಮಾಡಿದ್ದೂ ಹಾಗೆಯೇ.

ಮಾರನೇ ದಿನ ಶೆಡ್ಡಿಗೆ ಹೋದೆ. ಆಚಾರ್ರು ಟೀ ಕುಡಿಯುತ್ತಿದ್ದರು. ಲೇತು ನಿಂತಿತ್ತು. ಗೋಡೆಗೆ ಒರಗಿಸಿ ಒಂದು ಮೃದಂಗದ ಮರ ಇಟ್ಟಿದ್ದರು. ಅರ್ಧ ಕಡೆದದ್ದು.

ಎಲ್ಲ ಹೇಳಿದೆ. ತಲೆ ತಗ್ಗಿಸಿ ಹೇಳಿದೆ ಎಂದು ಇಲ್ಲಿ ಬರೆದು, ಹೊಡೆದು ಹಾಕಿದ್ದೇನೆ. ತಗ್ಗಿಸಿದೆನೋ ಇಲ್ಲವೋ. ಆ ಅರ್ಧ ಮರವನ್ನೇ ನೋಡುತ್ತಿದ್ದದ್ದಂತೂ ಖಾತ್ರಿ.

"ದಿಂಬಿನ್ ಹತ್ತಿಯಾ?" ಎಂದು ನಕ್ಕರು. ನಗು ಬೇಗ ಮುಗಿಯಿತು. "ಅದು ಬೆಟ್ಟದಪುರದ ತಾವಿನ ಭಜನೆಯೋರ್ದು. ಅರ್ಧಕ್ಕೆ ಬ್ಯಾಡ ಅಂದ್ಬುಟ್ರು. ಹಲ್ಸು ಅಂತ ಮಾವು ಕೊಡ್ತೀಯಂತಲ್ಲಪ್ಪ, ಪೇಪರ್ನಾಗ್ ಬಂದದೆ ಅಂದ್ರು. ನಮ್ಮಪ್ಪನ ಕಾಲ್ದಿಂದ ನಮ್ತಾವೇ ಮಾಡ್ಸೋರು ಅವ್ರು."

"ಅವತ್ತೇ ಒಂದು ಚೂರು ಕೆರೆದು ತೋರಿಸಬಹುದಿತ್ತಲ್ಲ ಆಚಾರ್ರೇ? ನನಗೂ, ಅವರಿಗೂ?"

ಲೋಟ ಕೆಳಗಿಟ್ಟರು. "ಯಾಕ್ ಕೆರೀಬೇಕು? ನಮ್ ಕಸುಬ್ನಾಗೆ ಮರ ಯಾವ್ದು ಅಂತ ಒಂದ್ಸಲ ಬಾಯಲ್ಲಿ ಯೋಳ್ತೀವಿ. ಅಷ್ಟೆಯಾ. ಬಣ್ಣ ಬಿದ್ಮ್ಯಾಕೆ ಅದೇ ಮಾತು. ನಮ್ಮಪ್ಪನೂ ಯಾರ್ಗೂ ಕೆರೆದು ತೋರ್ಸ್ನಿಲ್ಲ, ನಾನೂ ತೋರ್ಸ್ನಿಲ್ಲ. ಕೆರೆದು ತೋರ್ಸೋನ ತಾವ ಮರ ಇರ್ತದೆ ಮೇಡಮ್ನೋರೆ, ಮಾತಿರಲ್ಲ."

ನನ್ನ ಮನೆಯಲ್ಲಿ ಬ್ಲೇಡು ಇರಲಿಲ್ಲವೇ? ಬರೆಯುವ ಮೊದಲು ನಾನೇ ಒಂದು ಗೆರೆ ಕೆರೆದಿದ್ದರೆ ಮುಗಿದಿತ್ತು. ಪಾಲಿಶ್ ಹಾಳಾಗುತ್ತದೆ ಎಂದು ಕೆರೆದಿರಲಿಲ್ಲ. ಮನುಷ್ಯನ ಬಗ್ಗೆ ಆ ಎಚ್ಚರ ಬಂದಿರಲಿಲ್ಲ.

ತಪ್ಪಾಯಿತು ಎಂದು ಅಂಕಣದಲ್ಲೇ ಬರೆಯುತ್ತೇನೆ ಅಂದೆ.

"ಬರೀರಿ, ನಿಮ್ಮಿಷ್ಟ. ಅದು ಪೇಪರ್ ಓದೋರ್ಗಾಯ್ತು. ಭಜನೆಯೋರ್ಗೆ ನೀವೇ ಬಂದು ಬಾಯ್ಬುಟ್ ಯೋಳಿ. ನಂದೇ ತಪ್ಪು ಅಂತ. ಅಷ್ಟ್ ಯೋಳುದ್ರೆ ಸಾಕು."

ಒಪ್ಪಿದೆ. ಭಾನುವಾರ ಎಂದು ಮಾತಾಯಿತು.

ಮುಂದಿನದನ್ನು ಮೂರು ಬಾರಿ ಬರೆದು ನೋಡಿದ್ದೇನೆ. ಮೂರರಲ್ಲೂ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದ್ದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ, ಹೊರಡುವ ಮುಂಚೆ, ಅಡುಗೆಮನೆಯಲ್ಲಿ ನಿಂತು ಹಲಸಿನ ಒಂದು ಬಟ್ಟಲಿನ ಹಿಂಬದಿಯನ್ನು ಬ್ಲೇಡಿನಿಂದ ಕೆರೆದೆ. ಉಗುರಿನಷ್ಟಗಲ. ಕಪ್ಪಿನ ಕೆಳಗೆ ಅರಿಶಿನದಂಥ ಹಳದಿ. ಬ್ಯಾಗಿನಲ್ಲಿ ಹಾಕಿಕೊಂಡೆ. ಆಚಾರ್ರಿಗೆ ಹೇಳಲಿಲ್ಲ. ಇರಲಿ, ಬೇಕಾಗಬಹುದು ಅಂದುಕೊಂಡೆ. ಅವರ ಒಳ್ಳೆಯದಕ್ಕೇ.

ನಾನೂ ಆಚಾರ್ರೂ ಬೆಟ್ಟದಪುರದಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದೆವು. ಊರಿಗೆ ಊರೇ ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯುವ ಹೊಗೆಸೊಪ್ಪಿನ ವಾಸನೆ. ಭಜನೆ ಮನೆಯ ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ನಡುವೆ ಅವರ ಹಿರಿಯರು ಚಿಕ್ಕೇಗೌಡರು. ನಾನು ನಿಂತೇ ಹೇಳಿದೆ. ತಪ್ಪು ನನ್ನದು, ದಿಂಬಿನ ಹತ್ತಿ ನಾನೇ ತುಂಬಿದ್ದು, ಮರ ಹಲಸೇ, ಆಚಾರ್ರು ಹೇಳಿದ್ದೇ ನಿಜ.

"ದಿಂಬ ಕುಯ್ದು ಕಿವೀಗ್ ತುರ್ಕಂಡಿದ್ರಂತೆ ಕಣ್ಲಾ ಮೇಡಮ್ಮು" ಎಂದು ಹಿಂದಿನಿಂದ ಒಬ್ಬ ಅಂದ. ಎಲ್ಲ ನಕ್ಕರು.

ಗೌಡರು ನಗಲಿಲ್ಲ. "ಅಲ್ಲ ಕಣವ್ವ, ಕಿವಿ ಸುಳ್ಳೇಳಲ್ಲ ಅಂತ ಅವತ್ತೂ ನೀವೇ ಬರುದ್ರಿ. ಕಿವಿ ಸುಳ್ಳೇಳ್ತು ಅಂತ ಇವತ್ತೂ ನೀವೇ ಯೋಳ್ತಿದ್ದೀರಿ. ಯಾವ್ದ ನಂಬಾನ ನಾವು?"

ಆಚಾರ್ರು ನಿಧಾನವಾಗಿ ಅಂದರು: "ನನ್ನ ನಂಬಿ ಗೌಡ್ರೆ. ಹಲ್ಸು ಅಂತ ನಾನ್ ಯೋಳ್ತಿವ್ನಿ."

ಗೌಡರು ಅವರ ಮುಖವನ್ನೇ ನೋಡಿದರು. ಬಾಯಿ ತೆರೆದರು. ಒಪ್ಪುತ್ತಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ. (ಅನ್ನಿಸುವುದಕ್ಕೇನು, ಅದು ಹಲಸಲ್ಲ ಎಂದು ನನ್ನ ಕಿವಿಗೂ ಅನ್ನಿಸಿತ್ತು.) ಅಷ್ಟರಲ್ಲಿ ನಾನು ಬ್ಯಾಗಿಗೆ ಕೈ ಹಾಕಿದ್ದೆ.

"ನೋಡಿ, ಇಲ್ಲಿ ಕೆರೆದಿದ್ದೇನೆ, ನೋಡಿ!"

ಬಟ್ಟಲು ಕೈಯಿಂದ ಕೈಗೆ ಹೋಯಿತು. ಮೂಸಿದರು. ಉಗುರು ತಾಗಿಸಿ ನೋಡಿದರು. "ಹಲ್ಸೇ ಕಣ್ಲಾ." "ಹಳ್ದಿ ನೋಡು, ಹಲ್ಸೆಯಾ." ಗೌಡರ ಮುಖ ಹಗುರಾಯಿತು. "ಆಯ್ತು ಬುಡಿ ಆಚಾರ್ರೇ, ಮನಸ್ನಾಗೇನೂ ಮಡೀಕಬ್ಯಾಡಿ. ನಮ್ ಮೃದಂಗ ಮುಗ್ಸಿ ಕೊಡಿ" ಅಂದರು. ಆಮೇಲೆ, ಬಹಳ ಸ್ನೇಹದಿಂದಲೇ, ಇನ್ನೊಂದು ಮಾತು ಸೇರಿಸಿದರು: "ಇಂಗೇಯ, ಒಂದ್ಕಡೆ ಒಂಚೂರು ಬಣ್ಣ ಬುಟ್ಟಿರಿ. ನೋಡಾಕೆ ಆಯ್ತದೆ."

ಆಚಾರ್ರು ತಲೆಯಾಡಿಸಿದರು. ಬಟ್ಟಲನ್ನು ಅವರ ಕೈಗೂ ಯಾರೋ ಕೊಟ್ಟರು. ಕೆರೆದ ಜಾಗದ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತಿದ್ದರು.

ಬಸ್‌ಸ್ಟಾಪಿನಲ್ಲಿ ನಿಂತಾಗ ನಾನೇ ಮಾತು ತೆಗೆದೆ. "ಕೆಲಸ ವಾಪಸ್ ಬಂತಲ್ಲ ಆಚಾರ್ರೇ."

"ಬಂತು."

"ಬೇಜಾರಾ?"

"ಯೋಳಿದ್ರೆ ಸಾಕು ಅಂದಿದ್ದೆ ಮೇಡಮ್ನೋರೆ" ಅಂದರು. ಬಸ್ಸು ಬಂತು. ಅವರು ಹಿಂದಿನ ಬಾಗಿಲಲ್ಲಿ ಹತ್ತಿದರು.

ಮೃದಂಗ ಹೋದ ವಾರ ಮುಗಿದಿದೆ. ಶೆಡ್ಡಿನ ಮುಂದೆ ಹಾದುಹೋಗುವಾಗ ನೋಡಿದೆ. ಒಡಲೆಲ್ಲ ಪಾಲಿಶ್ ಮಿಂಚುತ್ತಿತ್ತು. ಒಂದು ಬದಿಯಲ್ಲಿ ಮಾತ್ರ, ಉಗುರಿನಷ್ಟಗಲ, ಬೋಳು. ನಾನು ನಮಸ್ಕಾರ ಅಂದೆ. ಆಚಾರ್ರೂ ಕೈಯೆತ್ತಿದರು. ಲೇತನ್ನು ನಿಲ್ಲಿಸಲಿಲ್ಲ.

ಕ್ಷಮೆ ಕೇಳಲು ಹೊರಟವಳು ಸಾಕ್ಷಿಯನ್ನೇಕೆ ಜೊತೆಗೆ ಒಯ್ದೆ?