ದವಾಖಾನೆಯಲ್ಲಿ ಉಳಿದ ಉಪ್ಪಿನ ಮಡಕೆ

ನಮ್ಮ ಕಡೆ ಉಪ್ಪಿನ ಮಡಕೆಯನ್ನು ಹೊಸ್ತಿಲು ದಾಟಿಸುವುದಿಲ್ಲ. ಮನೆ ಬದಲಾಯಿಸುವಾಗ ಮಾತ್ರ ಅದು ಹೊರಗೆ ಬರುತ್ತದೆ, ಆಗಲೂ ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಉಳಿದ ಕಾಲವೆಲ್ಲ ಒಲೆಯ ಪಕ್ಕದ ಗೂಡಿನಲ್ಲೇ ಇರಬೇಕು. ದೀಪ ಹಚ್ಚಿದ ಮೇಲೆ ನೆರೆಮನೆಯವರು ಒಂದು ಚಿಟಿಕೆ ಉಪ್ಪು ಕೇಳಿದರೂ ಕೊಡುವುದಿಲ್ಲ. ಹೀಗಿರುವಾಗ ನಾನು ಕಾಂಪೌಂಡರನಾಗಿದ್ದ ಮೊಳಕಾಲ್ಮೂರಿನ ಒಂದು ಚಿಕ್ಕ ದವಾಖಾನೆಯ ಔಷಧಿ ಕೋಣೆಯಲ್ಲಿ, ಕಿಟಕಿಯ ಪಕ್ಕ, ಒಂದು ಸಂಸಾರದ ಉಪ್ಪಿನ ಮಡಕೆ ಬಹಳ ವರ್ಷ ಕೂತಿತ್ತು. ಅದು ಅಲ್ಲಿಗೆ ಬಂದದ್ದರಲ್ಲಿ ನನ್ನ ಪಾಲೂ ಇದೆ.

ಇಪ್ಪತ್ತನೆಯ ಶತಮಾನ ಹುಟ್ಟಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಮದರಾಸಿನಲ್ಲಿ ಓದಿದ ಒಬ್ಬ ಡಾಕ್ಟರು ನಮ್ಮಲ್ಲಿಗೆ ವರ್ಗವಾಗಿ ಬಂದರು. ಹಿಂದಿನವರಂತೆ ಜ್ವರಕ್ಕೆ ಕ್ವಿನೈನು, ಹುಣ್ಣಿಗೆ ಮುಲಾಮು ಕೊಟ್ಟು ಕೈ ತೊಳೆದುಕೊಳ್ಳುವವರಲ್ಲ. ಮೈ ಊದಿಕೊಂಡು ಬರುವ ರೋಗಿಗಳ ಮೇಲೆ ಅವರಿಗೆ ವಿಶೇಷ ಗಮನ. ಊರಿನವರಿಗೆ ಅದೆಲ್ಲ ಒಂದೇ ನೀರುಬಾವು. ಡಾಕ್ಟರಿಗೆ ಅದು ಎರಡು ಬೇರೆ ರೋಗ. ಮೊದಲು ಹೊಟ್ಟೆ ಊದಿ, ಕಣ್ಣು ಹಳದಿಯಾದರೆ ಕೆಟ್ಟಿರುವುದು ಯಕೃತ್ತು. ಬೆಳಿಗ್ಗೆ ಏಳುವಾಗ ಮುಖ ಊದಿ, ಆಮೇಲೆ ಕಾಲಿಗಿಳಿದರೆ ಮೂತ್ರಪಿಂಡ. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿದಾಗ ಮೊಟ್ಟೆಯ ಬಿಳಿಯ ಹಾಗೆ ಗಡ್ಡೆ ಕಟ್ಟಿದರೆ ಅದು ಎರಡನೆಯ ಗುಂಪು. ಇಂಥವರಿಗೆ ಊಟದಲ್ಲಿ ಉಪ್ಪು ಪೂರ್ತಿ ನಿಲ್ಲಿಸಿದರೆ ಊತ ಇಳಿಯುತ್ತದೆ ಎಂದು ಅವರು ಟಪಾಲಿನಲ್ಲಿ ಬರುವ ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ನಮ್ಮ ಜನರಲ್ಲಿ ಅದು ನಿಜವೇ ಎಂದು ನೋಡಬೇಕೆಂಬುದು ಅವರ ಹಟ. ಅದಕ್ಕೆಂದೇ ಒಂದು ದಪ್ಪ ರಿಜಿಸ್ಟರು ಹೊಲಿಸಿದರು. ದಿನವೂ ಕಾಲಿನ ಸುತ್ತಳತೆ, ಮೂತ್ರದ ಅಳತೆ, ಉಪ್ಪಿನ ಪರೀಕ್ಷೆ, ಬರೆಯುವವನು ನಾನು.

ಉಪ್ಪಿನ ಪರೀಕ್ಷೆ ಬಹಳ ಸುಲಭ. ನಳಿಗೆಯಲ್ಲಿ ಮೂತ್ರ ಹಾಕಿ, ಅದಕ್ಕೆ ಎರಡು ಹನಿ ಆಸಿಡ್ಡು, ಆಮೇಲೆ ಸಿಲ್ವರ್ ನೈಟ್ರೇಟಿನ ದ್ರಾವಣ. ನಾವು ಅದಕ್ಕೆ ಬೆಳ್ಳಿ ನೀರು ಎನ್ನುತ್ತಿದ್ದೆವು. ಉಪ್ಪಿದ್ದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ, ಉಪ್ಪು ಹೆಚ್ಚಿದಷ್ಟೂ ಬಿಳುಪು ಗಟ್ಟಿ. ಅದೇ ಬೆಳ್ಳಿ ನೀರನ್ನು ತೆಳ್ಳಗೆ ಮಾಡಿ ಕಣ್ಣುಬೇನೆಗೆ ಹನಿ ಬಿಡುತ್ತಿದ್ದೆವು. ಆ ಹನಿಯನ್ನು ಭಟ್ಟಿ ಇಳಿಸಿದ ನೀರಿನಲ್ಲೇ ಕಲಸಬೇಕು, ಬಾವಿಯ ನೀರಿನಲ್ಲಿ ಕಲಸಿದರೆ ಕೆಡುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಹಾಗೆಯೇ ಮಾಡುತ್ತಿದ್ದೆ. ಯಾಕೆ ಕೆಡುತ್ತದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮುಂದಿನದೆಲ್ಲ ಆ ಕೇಳದ ಪ್ರಶ್ನೆಯಿಂದ ಆದದ್ದು.

ನಮ್ಮ ಬೀದಿಯಲ್ಲೇ, ನಮ್ಮ ಮನೆಯಿಂದ ನಾಲ್ಕು ಬಾಗಿಲಾಚೆ, ರೇಷ್ಮೆ ಸೀರೆ ನೇಯುವವನೊಬ್ಬನಿದ್ದ. ಚಿಕ್ಕಂದಿನಿಂದ ನನ್ನ ಜೊತೆಗಾರ. ಅವನ ಮುಖ ಊದತೊಡಗಿತು, ಆಮೇಲೆ ಕಾಲು. ಮಗ್ಗದ ಕುಣಿಯೊಳಗೆ ಕಾಲಿಳಿಸಿ ಹಲಗೆ ತುಳಿಯಲು ಆಗದೆ ಹೋಯಿತು. ನೆಯ್ಗೆ ಅರ್ಧಕ್ಕೆ ನಿಂತ ಸೀರೆಯ ಮೇಲೆ ಒಂದು ಹಳೆಯ ಪಂಚೆ ಹೊದಿಸಿದರು. ಮೂತ್ರ ಕಾಯಿಸಿ ನೋಡಿದರೆ ಅರ್ಧ ನಳಿಗೆ ಗಡ್ಡೆ. ಡಾಕ್ಟರು ಅವನನ್ನು ರಿಜಿಸ್ಟರಿಗೆ ಸೇರಿಸಿಕೊಂಡರು. ದವಾಖಾನೆಯಲ್ಲಿ ನಾಲ್ಕು ಮಂಚಗಳಿದ್ದವು. ಅಲ್ಲಿ ಮಲಗುವವರಿಗೆ ಅವರವರ ಮನೆಯವರೇ ಹಿತ್ತಲಲ್ಲಿ ಒಲೆ ಹೂಡಿ ಸಪ್ಪೆ ಅಡಿಗೆ ಮಾಡಿ ಹಾಕಬೇಕು. ನೇಕಾರನ ಹೆಂಡತಿಗೆ ಅದು ಸಾಧ್ಯವಿರಲಿಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಳು. ಹೀಗಾಗಿ ಅವನು ಮನೆಯಲ್ಲೇ ಉಳಿದ. ದಿನವೂ ಬೆಳಿಗ್ಗೆ ನಾನು ಹೋಗಿ ಕಾಲಿಗೆ ಟೇಪು ಸುತ್ತಿ ಅಳೆದು, ಸೀಸೆ ತರುತ್ತಿದ್ದೆ.

"ಬಂದಾಗೆಲ್ಲ ನನ್ನ ಉಚ್ಚೆ ಕೇಳ್ತೀಯಲ್ಲ ಲೇ," ಎನ್ನುತ್ತಿದ್ದ. "ಒಂದಿನಾನಾರ ಎಲೆ ಅಡಿಕೆ ಕೇಳೋ. ನೆಂಟಸ್ತನ ಉಳೀತೈತೆ."

ಮಂಚಗಳ ಮೇಲಿದ್ದ ರೋಗಿಗಳ ಊತ ಒಂದೇ ವಾರದಲ್ಲಿ ಇಳಿಯತೊಡಗಿತು. ನೇಕಾರನದು ಮೂರು ವಾರವಾದರೂ ಇಳಿಯಲಿಲ್ಲ. ಅವನ ಸೀಸೆಗೆ ಬೆಳ್ಳಿ ನೀರು ಬಿಟ್ಟರೆ ಗಟ್ಟಿ ಮಜ್ಜಿಗೆ. ಡಾಕ್ಟರಿಗೆ ಅನುಮಾನವೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವನ ಹೆಂಡತಿಯನ್ನು ಕರೆಸಿ, ಜಗುಲಿಯ ತುಂಬ ರೋಗಿಗಳು ಕೂತಿರುವಾಗಲೇ, ನಳಿಗೆಯನ್ನು ಅವಳ ಮುಖದ ಮುಂದೆ ಹಿಡಿದರು. ಗಂಡನ ಮೇಲಿನ ಮಮತೆಗೆ ಸಾರಿಗೆ ಉಪ್ಪು ಹಾಕಿ ನೀನೇ ಅವನನ್ನು ಕೊಲ್ಲುತ್ತಿದ್ದೀಯೆ ಎಂದರು. ಅವಳು ಹಾಕಿಲ್ಲ ಎಂದಳು. ಅವರು ಇನ್ನೊಮ್ಮೆ ಹೇಳಿದರು. ಅವಳು ಇನ್ನೊಮ್ಮೆ ಹಾಕಿಲ್ಲ ಎಂದಳು. ಕೂತವರಲ್ಲಿ ಯಾರೋ ನಕ್ಕರು.

ಮರುದಿನ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಸೊಂಟದ ಮೇಲೆ ಮಡಕೆ, ಅದರ ಬಾಯಿಗೆ ಬಟ್ಟೆ ಕಟ್ಟಿತ್ತು. ನೋಡಿದೊಡನೆ ಅದೇನೆಂದು ನನಗೆ ತಿಳಿಯಿತು. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಇದು ಇಲ್ಲೇ ಇರ್ಲಿ ಅಣ್ಣ. ಇವತ್ತಿಂದ ನಮ್ಮನೇಲಿ ಯಾರೂ ಉಪ್ಪು ತಿನ್ನಾದಿಲ್ಲ. ನಮ್ಮತ್ತೇನೂ ಒಪ್ಪೈತೆ. ಡಾಕ್ಟ್ರಿಗೆ ಹೇಳ್ರಿ, ಅವರನ್ನ ಮಾತ್ರ ಕೈ ಬಿಡಬೇಡ್ರಿ ಅಂತ."

ನಾನು ಹೇಳಿದೆ. ಡಾಕ್ಟರು ಮಡಕೆಯನ್ನು ನೋಡಿ, ಉಪ್ಪು ಅಂಗಡಿಯಲ್ಲೂ ಸಿಗುತ್ತದೆ ಎಂದರು. ಅವರನ್ನು ಕೆಟ್ಟ ಮನುಷ್ಯ ಎನ್ನಲಾರೆ. ಅವರು ಬೇರೆ ಸೀಮೆಯವರು, ಆ ಮಡಕೆ ಹೊಸ್ತಿಲು ದಾಟಿ ಬಂದದ್ದರ ತೂಕ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ನಾನು ಬಿಡಿಸಿ ಹೇಳಲಿಲ್ಲ.

ಮತ್ತೆ ಒಂದು ವಾರ ಹೋಯಿತು. ಊತ ಇಳಿಯಲಿಲ್ಲ, ಬಿಳುಪೂ ಹಾಗೆಯೇ ಇತ್ತು. ಡಾಕ್ಟರು ನನ್ನನ್ನು ಮೂರು ದಿನ ಆ ಮನೆಯ ಅಡಿಗೆ ಕೋಣೆಯಲ್ಲಿ ಕೂತು ಕಾಯಲು ಕಳಿಸಿದರು. ಒಲೆ ಹಚ್ಚುವುದರಿಂದ ಹಿಡಿದು ತಟ್ಟೆ ತೊಳೆಯುವವರೆಗೆ ಕೂತೆ. ಅವಳು ನಮ್ಮ ಬೀದಿಯ ಬಾವಿಯಿಂದ ನೀರು ಸೇದಿ ತಂದು, ಎಸರಿಟ್ಟು, ಮುದ್ದೆ ತೊಳಸಿ, ಬೇಳೆಯನ್ನು ಅದೇ ನೀರಿನಲ್ಲಿ ಬೇಯಿಸಿದಳು. ಪ್ರತಿಯೊಂದನ್ನೂ ನಾನು ನಾಲಿಗೆಗೆ ಹಚ್ಚಿ ನೋಡಿದೆ. ಸಪ್ಪೆ. ಮೂರು ದಿನವೂ ಸಪ್ಪೆ. ನೇಕಾರ ತುತ್ತು ನುಂಗುತ್ತಾ, ಈ ಸಾರು ಕುಡಿಸಿದರೆ ಎಮ್ಮೆಯೂ ತವರುಮನೆಗೆ ಹೋಗುತ್ತದೆ ಎಂದ. ಹೆಂಡತಿ ನಗಲಿಲ್ಲ. ಅವಳ ಕಣ್ಣು ನನ್ನ ಕೈಯಲ್ಲಿದ್ದ ಸೀಸೆಯ ಮೇಲಿತ್ತು.

ಮೂರನೆಯ ದಿನದ ಸೀಸೆಯೂ ಬೆಳ್ಳಗಾಯಿತು. ಉಪ್ಪು ಹಾಕಿದ್ದನ್ನು ನಾನು ನೋಡಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ನೋಡಿಲ್ಲ ಎಂದರೆ ಹಾಕಿಲ್ಲ ಎಂದಲ್ಲ, ನೀನು ಅದೇ ಬೀದಿಯವನು ಎಂದರು. ರಿಜಿಸ್ಟರಿನಲ್ಲಿ ನೇಕಾರನ ಪುಟಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಬರೆಯಲು ನನಗೇ ಹೇಳಿದರು: ಹೆಂಡತಿ ಗುಟ್ಟಾಗಿ ಉಪ್ಪು ಹಾಕುತ್ತಾಳೆ, ಸುಳ್ಳು ಹೇಳುತ್ತಾಳೆ, ರೋಗಿಯನ್ನು ಬಿಡಲಾಗಿದೆ. ನಾನು ಬರೆದೆ. ಅಷ್ಟೇ ಅಲ್ಲ, ಆ ದಿನ ಮನೆಗೆ ಹೋಗುವಾಗ ಅವಳನ್ನು ನಿಲ್ಲಿಸಿ, ನನಗಾದರೂ ನಿಜ ಹೇಳವ್ವ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ.

ಆಗಲೇ ಚಳ್ಳಕೆರೆ ಕಡೆ ಸಿಡುಬು ಕಾಣಿಸಿತು. ಅದು ಬಾರದಂತೆ ತೋಳಿಗೆ ದಾಕು ಹಾಕುವವರ ಜೊತೆ ನನ್ನನ್ನೂ ಕಳಿಸಿದರು. ದೊಡ್ಡಉಳ್ಳಾರ್ತಿಯಲ್ಲಿ ಹುಲ್ಲುಗಾವಲಿನ ಪಕ್ಕದ ಒಂದು ಮನೆಯಲ್ಲಿ ಇಳಿದುಕೊಂಡು, ಸುತ್ತಿನ ಹಟ್ಟಿಗಳಿಗೆ ಹೋಗಿ ಬರುತ್ತಿದ್ದೆವು. ಹದಿನೈದು ಇಪ್ಪತ್ತು ದಿನ ಆ ಮನೆಯವರ ಬಾವಿಯ ನೀರು ಕುಡಿದೆ. ಅದರ ಬಗ್ಗೆ ಏನೂ ಅನ್ನಿಸಲಿಲ್ಲ. ನೀರು ನೀರಿನ ಹಾಗಿತ್ತು.

ತಿರುಗಿ ಬಂದ ದಿನ ಬಿಸಿಲಿನಲ್ಲಿ ಮನೆ ಸೇರಿ, ಅವ್ವ ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿಯಲು ಹೋದೆ. ಬಾಯಿ ತುಂಬಿದ್ದನ್ನು ಉಗಿದುಬಿಟ್ಟೆ. ಏನು ಹಾಕಿದ್ದೀಯವ್ವ ಇದಕ್ಕೆ ಎಂದೆ.

"ಏನ್ ಹಾಕ್ಲಿ? ಅದೇ ಬಾವಿ ನೀರು. ನೀನು ಹುಟ್ಟಿದಾಗಿಂದ ಕುಡಿಯಾದು," ಎಂದಳು ಅವ್ವ. "ದೊಡ್ಡ ಮನುಷ್ಯ ಆಗಿ ಬಂದೀಯ ಬಿಡು."

ಅದು ಉಪ್ಪಾಗಿತ್ತು. ಕಡಲ ನೀರಿನ ಹಾಗಲ್ಲ. ಸಾರಿಗೆ ಅರ್ಧ ಉಪ್ಪು ಹಾಕಿ ಮರೆತ ಹಾಗೆ. ನಮ್ಮ ಬೀದಿಯ ನೆಲ ಸವುಳು, ಬಾವಿಯೂ ಸವುಳು. ಇದು ಊರಿಗೆಲ್ಲ ಗೊತ್ತಿತ್ತು, ಬೇಳೆ ಬೇಗ ಬೇಯುವುದಿಲ್ಲ ಎಂದು ಬೈಯುತ್ತಿದ್ದರು ಕೂಡ. ಆದರೆ ಆ ನೀರಿನಲ್ಲೇ ಬೆಳೆದ ನಾಲಿಗೆಗೆ ಅದು ಉಪ್ಪು ಎಂದು ಹತ್ತುತ್ತಿರಲಿಲ್ಲ. ಮೂರು ದಿನ ಕಾವಲು ಕೂತು ಸಪ್ಪೆ, ಸಪ್ಪೆ ಎಂದದ್ದು ಈ ನಾಲಿಗೆಯೇ. ದವಾಖಾನೆಗೂ ಡಾಕ್ಟರ ಮನೆಗೂ ನೀರು ಬರುತ್ತಿದ್ದದ್ದು ಬೆಟ್ಟದ ಬಂಡೆಯ ಮೇಲಿನ ದೊಣೆಯಿಂದ, ಅದು ಮಳೆಯ ನೀರು. ಮಂಚದ ಮೇಲಿನ ರೋಗಿಗಳಿಗೆ ಅಡಿಗೆಯಾಗುತ್ತಿದ್ದದ್ದು ಆ ನೀರಿನಲ್ಲಿ. ದಿನವೂ ಮನೆಯಿಂದ ಒಯ್ದ ನೀರನ್ನೇ ಕುಡಿಯುತ್ತಿದ್ದ ನಾನು ಅದರ ರುಚಿ ನೋಡಿರಲಿಲ್ಲ.

ಚೊಂಬನ್ನು ಹಾಗೆಯೇ ಹಿಡಿದುಕೊಂಡು ದವಾಖಾನೆಗೆ ಹೋದೆ. ಒಂದು ನಳಿಗೆಗೆ ದೊಣೆಯ ನೀರು, ಇನ್ನೊಂದಕ್ಕೆ ಚೊಂಬಿನ ನೀರು. ಎರಡಕ್ಕೂ ಆಸಿಡ್ಡು, ಬೆಳ್ಳಿ ನೀರು. ಮೊದಲನೆಯದು ಹೆಚ್ಚುಕಡಿಮೆ ತಿಳಿಯಾಗೇ ಉಳಿಯಿತು. ಎರಡನೆಯದು ಮಜ್ಜಿಗೆಯಾಯಿತು. ಕಣ್ಣಿನ ಹನಿ ಬಾವಿ ನೀರಿನಲ್ಲಿ ಕೆಡುವುದು ಯಾಕೆಂದು ಆಗ ತಿಳಿಯಿತು. ಎರಡು ನಳಿಗೆಗಳನ್ನೂ ಕಟ್ಟೆಯ ಮೇಲಿಟ್ಟು ಡಾಕ್ಟರನ್ನು ಕರೆದೆ.

ಡಾಕ್ಟರು ಬಂದು ನೋಡಿದರು. ನನ್ನ ಮೇಲೆ ನಂಬಿಕೆ ಸಾಲದೆ ತಾವೇ ಮೂರು ಸಲ ಮಾಡಿ ನೋಡಿದರು. ಆಮೇಲೆ ಇವತ್ತಿನಿಂದಲೇ ಆ ಮನೆಗೆ ದೊಣೆಯ ನೀರು ಕಳಿಸು ಎಂದರು. ರಿಜಿಸ್ಟರು ತಿದ್ದಬೇಕಲ್ಲವೇ ಎಂದು ಕೇಳಿದೆ. ತಾವು ಓದುವ ಆ ಪತ್ರಿಕೆಗೆ ವರದಿ ಆಗಲೇ ಟಪಾಲಿನಲ್ಲಿ ಹೋಗಿದೆ ಎಂದರು. ಮನೆಯಲ್ಲಿ ಅಡಿಗೆ ಮಾಡುವ ಹೆಂಗಸರ ಮಾತು ನಂಬುವಂತಿಲ್ಲ, ಇಂಥ ಪರೀಕ್ಷೆಯನ್ನು ಮಂಚದ ರೋಗಿಗಳ ಮೇಲೇ ಮಾಡಬೇಕು ಎಂದು ಅದರಲ್ಲಿ ಬರೆದಿದ್ದರಂತೆ. ಇನ್ನೊಂದು ಕಾಗದ ಬರೆಯಬಹುದಲ್ಲ ಎಂದೆ. ನೋಡೋಣ ಎಂದರು. ಆಮೇಲೆ ನಾನು ಎಷ್ಟು ಸಲ ಕೇಳಿದರೂ ಉತ್ತರ ಅದೇ. ಒಮ್ಮೆ ಮಾತ್ರ ಸ್ವಲ್ಪ ಬಿಡಿಸಿ ಹೇಳಿದರು: ಒಬ್ಬ ರೋಗಿಯಿಂದ ಏನೂ ಸಿದ್ಧವಾಗುವುದಿಲ್ಲವಂತೆ. ಒಬ್ಬ ಹೆಂಗಸನ್ನು ಸುಳ್ಳಿ ಎನ್ನಲು ಒಬ್ಬ ರೋಗಿ ಸಾಕಾಗಿದ್ದ ಎಂಬುದು ನನ್ನ ಬಾಯಿವರೆಗೆ ಬಂದಿತ್ತು.

ದಿನಕ್ಕೆ ಎರಡು ಕೊಡ ದೊಣೆಯ ನೀರನ್ನು ದವಾಖಾನೆಯ ಜವಾನ ಹೊತ್ತು ಹಾಕಿದ. ನೇಕಾರ ಮೊದಲ ಗುಟುಕಿಗೇ ಮುಖ ಹಿಂಡಿದ. "ಇದ್ರಾಗೆ ರುಚೀನೇ ಇಲ್ಲ ಲೇ. ಸಾಯೋನಿಗೆ ಒಂದು ಗುಟುಕು ನಮ್ಮ ಬಾವಿ ನೀರು ಕೊಡಲ್ಲ ಅಂತೀಯಾ?" ಎಂದು ನನ್ನನ್ನು ಕಾಡಿದ. ಐದನೆಯ ದಿನ ಕಾಲಿನ ಟೇಪು ಸಡಿಲವಾಯಿತು. ಹತ್ತನೆಯ ದಿನ ಕಾಲ ಗಿಣ್ಣಿನ ಮೂಳೆ ಕಂಡಿತು. ಆಮೇಲೊಂದು ಬೆಳಿಗ್ಗೆ ನಾನು ಹೋದಾಗ ಅವನು ಪಂಚೆ ಸರಿಸಿ, ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತಿದ್ದ. ಒಂದು ಗೇಣು ನೇಯ್ದ. ಆದರೆ ಮೈಯೊಳಗೆ ಕೆಡಬೇಕಾದ್ದು ಆ ವಾರಗಳಲ್ಲಿ ಕೆಟ್ಟುಹೋಗಿತ್ತು. ಕಾಲು ಇಳಿದರೂ ಮೂತ್ರ ಕಡಿಮೆಯಾಗುತ್ತಾ ಬಂತು, ವಾಂತಿ ಹಿಡಿಯಿತು, ಉಸಿರು ಕಟ್ಟತೊಡಗಿತು. ಇನ್ನೊಂದು ಗೇಣು ಆಗಲಿಲ್ಲ. ಮೊದಲೇ ಆ ನೀರು ಕೊಟ್ಟಿದ್ದರೆ ಉಳಿಯುತ್ತಿದ್ದನೇ? ಡಾಕ್ಟರು ಹೇಳಲಾಗದು ಎಂದರು. ನಾನೂ ಹೇಳಲಾರೆ. ಇನ್ನಷ್ಟು ನೇಯುತ್ತಿದ್ದ ಎಂಬುದಂತೂ ನನಗೆ ಗೊತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಅವಳು ದವಾಖಾನೆಗೆ ಬಂದಳು. ಮಡಕೆಗಾಗಿ ಬಂದಿದ್ದಾಳೆ ಎಂದುಕೊಂಡು ನಾನು ಅದನ್ನು ಒರೆಸಿ ಕೈಗೆ ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ.

"ಆ ಬುಕ್ಕಿನಾಗೆ ನಾನು ಸುಳ್ಳಿ ಅಂತ ಬರ್ದೀರಂತಲ್ಲ. ಹೊಡೆದು ಹಾಕಿದ್ರಾ ಅಣ್ಣ?"

ಬರೆದವನು ನಾನೇ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಇನ್ನೂ ಇಲ್ಲವ್ವ, ಡಾಕ್ಟರು ನೋಡೋಣ ಅಂದಿದ್ದಾರೆ ಎಂದೆ.

"ಹಂಗಾರೆ ಇದು ಇಲ್ಲೇ ಇರ್ಲಿ. ಹೊಡೆದ ದಿನ ಹೇಳ್ರಿ, ಬಂದು ತಗೊಂಡು ಹೋಗ್ತೀನಿ."

ಆ ವರ್ಷವೇ ಡಾಕ್ಟರಿಗೆ ವರ್ಗವಾಯಿತು. ರಿಜಿಸ್ಟರನ್ನು ತಮ್ಮ ಪೆಟ್ಟಿಗೆಯಲ್ಲಿ ಕೊಂಡೊಯ್ದರು. ಹೋಗುವ ಹಿಂದಿನ ದಿನ ಮತ್ತೆ ಕೇಳಿದೆ, ನೆನಪಿದೆ ಎಂದರು. ನಾನು ಎರಡು ಕಾಗದ ಬರೆದೆ. ಮೊದಲನೆಯದಕ್ಕೆ ನನ್ನ ಆರೋಗ್ಯ ವಿಚಾರಿಸಿ ಉತ್ತರ ಬಂತು, ಎರಡನೆಯದಕ್ಕೆ ಬರಲಿಲ್ಲ. ಮುಂದೆ ಬಂದ ಡಾಕ್ಟರುಗಳಿಗೆಲ್ಲ ಹೇಳಿದೆ. ಒಬ್ಬರು, ಹಿಂದಿನವರ ಪುಸ್ತಕಕ್ಕೆ ನಾನು ಹೇಗಪ್ಪ ಕೈ ಹಾಕಲಿ ಎಂದರು. ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಆ ಬಾವಿಯ ನೀರು ಕಣ್ಣಿಗೆ ಹಾಕುವಂತಿಲ್ಲ ಎಂದು ಬೋರ್ಡು ಬರೆಸೋಣವೇ ಎಂದು ನಕ್ಕರು.

ಆ ಬೀದಿಯಲ್ಲಿ ಅವಳು ನನಗೆ ಎಷ್ಟೋ ಸಲ ಎದುರಾದಳು. ಎದುರಾದಾಗೆಲ್ಲ ಒಂದು ಕ್ಷಣ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಅಡ್ಡಡ್ಡ ಆಡಿಸುತ್ತಿದ್ದೆ. ಅವಳು ಕೊಡ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಮಡಕೆಯ ಹೊರಮೈ ಬೆವರಿ ಕೆಳಗೆ ನೀರಿಳಿಯುತ್ತಿತ್ತು, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಬಿಳಿಯ ಪೊರೆ ಕಟ್ಟುತ್ತಿತ್ತು. ನಾನು ಕೆಲಸ ಬಿಡುವ ದಿನ ಬೀಗದ ಕೈಗಳನ್ನು ಹೊಸಬನಿಗೆ ಒಪ್ಪಿಸುವಾಗ, ಅವನು ಮಡಕೆ ತೋರಿಸಿ, ಇದು ಯಾರದು, ಎಸೆಯಲೇ ಎಂದು ಕೇಳಿದ. ಬೇಡ, ಅದರವರು ಬರುತ್ತಾರೆ ಎಂದೆ.