ಕೋಚ್ ಬಗ್ಗೆ ಹಬ್ಬಿದ ಸುದ್ದಿ

ಆದೋನಿಯ ಒಂದು ಕಾಲೇಜಿನಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ. ನಮ್ಮ ಹುಡುಗಿಯರ ತಂಡದ ಕೋಚ್ ಮಾತು ಕಡಿಮೆಯ ಮನುಷ್ಯ; ಚೆಂಡು ಕೈಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ನೋಡಿಕೊಳ್ಳುವುದನ್ನು ಅವರೇ ಕಲಿಸಿದ್ದರು. ಅಂತರ ಕಾಲೇಜು ಪಂದ್ಯ ಹತ್ತಿರ ಬಂದಾಗ, ಹಿಂದಿನ ಕಾಲೇಜಿನಿಂದ ಅವರನ್ನು ಒಬ್ಬ ಆಟಗಾರ್ತಿಯ ವಿಷಯಕ್ಕೆ ಓಡಿಸಿದ್ದರಂತೆ ಎಂಬ ಸುದ್ದಿ ಹಬ್ಬಿತು. ಆಕೆ ಯಾರು, ಏನಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಸುದ್ದಿ ಕೇಳಿ ನಮ್ಮೂರು ಆಲೂರಿನಿಂದ ಅಪ್ಪ ಬಂದ. "ಖರೇ ಐತೋ ಸುಳ್ಳೈತೋ ನನಗ ಗೊತ್ತಿಲ್ಲವ್ವ. ಗೊತ್ತಾಗೋತನಕ ನೀ ಆಡಾಕ ಹೋಗಬ್ಯಾಡ," ಎಂದ. ಅವನ ಮಾತು ತಪ್ಪೆನ್ನಲು ನನಗೆ ಇಂದಿಗೂ ಆಗುವುದಿಲ್ಲ. ಉಳಿದವರ ಮನೆಗಳಲ್ಲೂ ಹಾಗೇ ಆಗಿ ತಂಡ ಒಡೆಯಿತು. ಪ್ರಿನ್ಸಿಪಾಲರು ಯಾರನ್ನೂ ವಿಚಾರಿಸಲಿಲ್ಲ. ಕೋಚ್ ಕೆಲಸ ಬಿಟ್ಟು ಹೋದರು.

ಹೋದ ವರ್ಷ ನಾನು ಮಂತ್ರಾಲಯಕ್ಕೆ ಹೋದಾಗ ಲಾಡ್ಜೊಂದರ ಕೌಂಟರಿನಲ್ಲಿ ಅವರು ಕೂತಿದ್ದರು. ನನ್ನ ಗುರುತು ಹಿಡಿದು, "ಆಡೋದು ಬಿಟ್ಟೀಯೇನಮ್ಮಾ?" ಎಂದು ಕೇಳಿದರು.

"ಆಗಲೇ ಬಿಟ್ಟೆ ಸರ್."

"ನಾನೂ ಬಿಟ್ಟೆ," ಎಂದು ರೂಮಿನ ಕೀ ಕೊಟ್ಟರು.

ನಿಜವೇನೆಂದು ಕೇಳದೆಯೇ ಕೀ ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಅಂದೇ ಯಾರಾದರೂ ಕೂತು ವಿಚಾರಿಸಿದ್ದರೆ ಅವರಿಗೋ, ಆ ಹುಡುಗಿಗೋ, ಒಬ್ಬರಿಗಾದರೂ ನ್ಯಾಯ ಸಿಗುತ್ತಿತ್ತು.